ಹಸ್ತಲಾಘವ

ನಾವಿರುವ ಊರಿನ ಹೆಸರು ಹಲ್.
ಕಡಲೆ ಸಿಗುವುದು ಸ್ಪ್ರಿಂಗ್ ಬ್ಯಾಂಕಿನ ಕುರ್ದಿ ಅಂಗಡಿಯಲ್ಲಿ.
ಗಾದೆ ಪೂರ್ತಿಯಾಯಿತೆಂದು ಬಸವಂತ ನಗುತ್ತಾನೆ
ವರ್ಷಕ್ಕೆರಡು ಸಲ, ಈಗಷ್ಟೇ ಹೊಳೆದವನಂತೆ.

ಮನೆಯಲ್ಲಿ ಪರದೆ ಮೂರು, ಪೆಟ್ಟಿಗೆ ಒಂದು.
ಮುಂಗೋಣೆಯದು ಕಂತಿನಲ್ಲಿ ತಂದ ಫೋರ್‌ಕೆ,
ನೂರು ಕೋಟಿ ಬಣ್ಣ ಬಲ್ಲೆನೆಂದು ರಟ್ಟಿನ ಮೇಲೇ ಬರೆದುಕೊಂಡದ್ದು.
ಅಡುಗೆಮನೆಯದು ಪಕ್ಕದ ಮೊರೀನ್ ಕೊಟ್ಟದ್ದು;
ಏಳುನೂರಿಪ್ಪತ್ತು ಗೆರೆಯಾಚೆಗೆ ಓದಲಾರದು,
ಎಡಮೂಲೆಯಲ್ಲಿ ಒಂದು ಬಾವು.
ಅಟ್ಟದಲ್ಲಿ ಮಂದಾರಳ ಪ್ರೊಜೆಕ್ಟರು:
ಹಳೆಯ ವಾಲ್‌ಪೇಪರಿನ ಹೂವು
ಪ್ರತಿ ನಾಯಕನ ಕೆನ್ನೆಯ ಮೇಲೂ.

ಸ್ಪ್ಲಿಟರು ತಂದು ಮೂರಕ್ಕೂ ಕವಲು ಎಳೆದೆ.
ಹಚ್ಚಿದರೆ, ಫೋರ್‌ಕೆಗೂ ಮಂಕು ಬಡಿಯಿತು.
ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ
ಪೆಟ್ಟಿಗೆ ಹಲ್ಲಿಲ್ಲದವರ ಮುಖ ನೋಡಿ
ಎಲ್ಲರಿಗೂ ಗಂಜಿ ಬಡಿಸುತ್ತದೆ.
ತಪ್ಪೆನ್ನಲಾರೆ. ನಮ್ಮತ್ತೆಯೂ ಹಾಗೇ ಮಾಡುತ್ತಿದ್ದರು.

ಬೇಕರಿಯ ಪಾಳಿ ಮುಗಿಸಿ ಮೂರು ರಾತ್ರಿ
ಕೈಯಲ್ಲಿ ಹಿಟ್ಟಿನ ವಾಸನೆ, ರಿಮೋಟು,
ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೊಂದು ಬಾಗಿಲು.
ಸಿನಿಮಾ ನಡೆಯುವುದು ಇಪ್ಪತ್ತನಾಲ್ಕರ ಹೆಜ್ಜೆಯಲ್ಲಿ,
ಮೊರೀನಳದು ಐವತ್ತು ಬಿಟ್ಟು ಬೇರೆ ತಾಳ ಹಿಡಿಯದು.
ಆಗ ತಿಳಿಯಿತು ನನಗೆ:
ತಂತಿಯಲ್ಲಿ ಚಿತ್ರ ಇಳಿಯುವುದಕ್ಕೆ ಮೊದಲು
ಒಂದು ಪ್ರಶ್ನೆ ಹೋಗಿ ಬರುತ್ತದೆ.
ನಿನಗೆ ಏನೆಲ್ಲ ಕಾಣುತ್ತದೆ?
ಪರದೆಯ ಎದೆಜೇಬಿನಲ್ಲಿ ಒಂದು ಚೀಟಿ.
ಇಷ್ಟು ಗೆರೆ, ಇಷ್ಟು ಬೆಳಕು, ಇಷ್ಟು ಬಣ್ಣ,
ಇದಕ್ಕಿಂತ ಹೆಚ್ಚು ಕಳಿಸಬೇಡ.
ಸುಳ್ಳು ಬರೆದಿದ್ದರೆ ಕತ್ತಲೆ.

ಭಾನುವಾರ ಪರೀಕ್ಷೆಯ ಚಿತ್ರ ಹಾಕಿದೆ,
ಚುಕ್ಕಿಗಳ ನಡುವೆ ಅಡಗಿದ ಅಂಕಿ.
"ಬಸವಂತಾ, ಎಷ್ಟು?"
"ಎಲ್ಲಿ ಎಷ್ಟು?"
ಕಾಲುಚೀಲದಲ್ಲೇ ಮೂರೂ ಕೋಣೆ ತಿರುಗಿದ.
"ಚುಕ್ಕಿ ಇವೆ. ಚೆನ್ನಾಗಿವೆ."
ನಾನು ತಂತಿ ಕಿತ್ತು, ಊದಿ, ಮತ್ತೆ ಚುಚ್ಚಿದೆ.
ಇನ್ನೊಮ್ಮೆ ಊದಲು ಹೋದಾಗ ಅವನು ಮೆಟ್ಟಿಲ ಮೇಲೆ ಕೂತ.
"ತಂತಿಯದಲ್ಲ," ಎಂದ.

ಹುಬ್ಬಳ್ಳಿ, ರೈಲ್ವೆ ಮೆಡಿಕಲ್ಲು, ಇದೇ ಚುಕ್ಕಿಗಳ ಪುಸ್ತಕ.
ಡಾಕ್ಟರು ನಾಲ್ಕನೇ ಪುಟಕ್ಕೆ ಮುಚ್ಚಿಟ್ಟರಂತೆ.
ಮನೆಯಲ್ಲಿ ಹೇಳಿದ್ದು, ನನಗೇ ಆ ಕೆಲಸ ಬೇಡವಾಯ್ತು ಅಂತ.
ನನಗೂ ಅದನ್ನೇ.

ನಾನು ಮೆಟ್ಟಿಲ ಕೆಳಗೆ, ಕೈಯಲ್ಲಿ ತಂತಿ.
ಟೊಮೆಟೊ ಒತ್ತಿ ಒತ್ತಿ ನೋಡುವ ಅವನ ಹೆಬ್ಬೆರಳು,
ಜಿಪುಣ ಎಂದು ನಾನು ಅಂದದ್ದು.
ಕುಂಕುಮ ಬಣ್ಣದ ನನ್ನ ಇಳಕಲ್ಲು ಸೀರೆಗೆ
"ಆ ಎಲೆ ಬಣ್ಣದ್ದು ಉಟ್ಟುಕೋ" ಎಂದಿದ್ದ ಒಮ್ಮೆ.
ಛೇಡಿಸುತ್ತಾನೆಂದು ಎರಡು ದಿನ ಮಾತು ಬಿಟ್ಟಿದ್ದೆ.
ನಕ್ಷತ್ರ ಕೂಡಿಸಿದ್ದರು, ಗಣ ಕೂಡಿಸಿದ್ದರು,
ಹದಿನೇಳು ವರ್ಷದ ಹಿಂದೆ ಇಬ್ಬರು ಶಾಸ್ತ್ರಿಗಳು ಸೇರಿ.
ಈ ಚೀಟಿ ಮಾತ್ರ ಜೇಬಿನಲ್ಲೇ ಉಳಿಯಿತು.

"ಈ ಊರಲ್ಲಿ ಟೆಲಿಫೋನ್ ಡಬ್ಬಿ ಕೂಡ ಕೆನೆ ಬಣ್ಣ," ಎಂದ,
"ಎಲ್ಲೆಲ್ಲೂ ಕೆಂಪಂತೆ. ಬಂದ ದಿನವೇ ಹಿಡಿಸಿತು."
ನಕ್ಕನೋ ಇಲ್ಲವೋ, ಮೆಟ್ಟಿಲ ಬಳಿ ದೀಪವಿರಲಿಲ್ಲ.

ಇಂಥ ಕಣ್ಣಿಗೆಂದೇ ಪೆಟ್ಟಿಗೆಯಲ್ಲೊಂದು ಸೋಸಣಿಗೆ ಇದೆ.
ಹುಡುಕಿ ಹಾಕಿದೆ. ಅವನು ಬಹಳ ಹೊತ್ತು ನೋಡಿದ.
"ಸಂಜೆ ಆಕಾಶ ಕೆಟ್ಟುಹೋಯಿತಲ್ಲೇ. ತೆಗಿ."
ತೆಗೆದೆ.
ಮೊರೀನಳ ಟೀವಿಗೆ ಬೇರೆಯೇ ಪೆಟ್ಟಿಗೆ ತಂದೆವು, ಹಳೆಯದು, ಹದಿನೈದು ಪೌಂಡಿಗೆ.
ಅದರ ಪಾಡಿಗೆ ಅದು, ಬಾವು ಸಮೇತ.

ಈಗ ಅಂಗಡಿಯಲ್ಲಿ ಅವನು ಮೆಣಸಿನಕಾಯಿ ಎತ್ತಿ ಹಿಡಿಯುತ್ತಾನೆ.
ಇದು?
ಹಣ್ಣು.
ಇದು?
ಅರ್ಧ. ತುದಿಯಲ್ಲಿ ಮಾತ್ರ.
ತುದಿ ಯಾವ ಕಡೆ, ಎನ್ನುತ್ತಾನೆ,
ಬೇಕೆಂದೇ,
ಕುರ್ದಿಯವನು ತೂಕ ಹಿಡಿದು ಕಾಯುತ್ತಿರುವಾಗ.